ಮೂರನೆಯದು

ಎಸ್ತ್ರೆಮದೂರ. ಜೂನ್ ಕೊನೆ, ಮಧ್ಯಾಹ್ನ ಮೂರೂವರೆ.
ಊರು ಕದ ಹಾಕಿ ಮಲಗಿದೆ, ನಾಯಿ ಕೂಡ ನೆರಳು ಬದಲಿಸುತ್ತಿಲ್ಲ.
ಗ್ರಂಥಾಲಯದಲ್ಲಿ ನಾವಿಬ್ಬರೇ:
ಸಂಬಳಕ್ಕೆ ಕೂತ ನಾನು,
ಕೊಕ್ಕರೆ ನೋಡಲು ಬಂದ ಎಲ್ಯೂತೇರಿಯೊ.

ಸೀಸೆಯ ಬಿರಡೆಗೆಂದು ಓಕ್ ಮರದ ತೊಗಟೆ ಬಿಡಿಸುತ್ತ
ಐವತ್ತು ಬೇಸಿಗೆ ಮೇಲೆಯೇ ನೋಡಿದ ಕತ್ತು ಅದು.
ಪಾಲಿಗೆ ಬಂದಷ್ಟನ್ನೂ ನೋಡಿ ಮುಗಿಸಿದೆ, ಈಗ ಏಳುವುದಿಲ್ಲ.
ಚರ್ಚಿನ ಗಂಟೆಗೋಪುರ ಇಲ್ಲೇ ಎದುರಿಗೆ, ಮೂವತ್ತು ಹೆಜ್ಜೆ.
ತುದಿಯಲ್ಲಿ ಗೂಡು, ಗೂಡಿನಲ್ಲಿ ಮೂರು ಮರಿ.
ಅವನಿಗೆ ಕಾಣುವುದು ಹಾಸುಗಲ್ಲು, ತನ್ನದೇ ಚಪ್ಪಲಿ.
ಅದಕ್ಕೇ ಗೋಪುರದ ಮೇಲೊಂದು ಕ್ಯಾಮೆರಾ,
ನನ್ನ ಹಳೇ ಲಿನಕ್ಸ್ ಪೆಟ್ಟಿಗೆ,
ಓದುಗರತ್ತ ತಿರುಗಿಸಿಟ್ಟ ಎರಡನೇ ಮಾನಿಟರು:
ಆಕಾಶವನ್ನು ಮೇಜಿನ ಎತ್ತರಕ್ಕೆ ಇಳಿಸುವ ಏರ್ಪಾಡು.

ಬೆಳಗ್ಗೆ ರೆಮೆದಿಯೊಸ್ ನೆಲ ಒರೆಸುವಾಗ
ಕೇಬಲ್ ಕಿತ್ತು ಬಂತಂತೆ. ಮತ್ತೆ ಸಿಕ್ಕಿಸಿದಳಂತೆ.
ಸಿಕ್ಕಿಸಿದ್ದು ನಿಜವೇ, ಎಳ್ಳಷ್ಟೂ ಸಡಿಲವಿಲ್ಲ.
ಮೂಲೆಯ ಹಳದಿ ದೀಪ ಮಾತ್ರ
ಎದ್ದಿದ್ದೇನೆ ಅನ್ನದು, ಮಲಗಿದ್ದೇನೆ ಅನ್ನದು.

ಟರ್ಮಿನಲ್ ತೆರೆದು ಕೇಳಿದೆ, ಯಾರ್ಯಾರಿದ್ದೀರಿ?
ಒಂದನೆಯದು: ಕನೆಕ್ಟೆಡ್.
ಎರಡನೆಯದು: ಡಿಸ್‌ಕನೆಕ್ಟೆಡ್.
ಎದುರಿಗೇ ಕೂತವರನ್ನು ಇಲ್ಲ ಅನ್ನುವುದು
ನಮ್ಮೂರಲ್ಲಿ ಪಾಲು ಕೇಳಿದ ಅಣ್ಣತಮ್ಮಂದಿರ ಪದ್ಧತಿ.
ಯಂತ್ರ ಯಾವಾಗ ಕಲಿಯಿತೋ.

ಕಿತ್ತೆ, ಊದಿದೆ, ಸಿಕ್ಕಿಸಿದೆ.
ಬೇರೆ ಕೇಬಲ್. ಬೇರೆ ಕಿಂಡಿ.
ಆಫ್ ಅಂದೆ, ಆಟೋ ಅಂದೆ, ಜಪ್ಪಯ್ಯ ಅಂದರೂ ಇಲ್ಲ.
ಕಂಟ್ರೋಲ್, ಆಲ್ಟ್, ಎಫ್ ಮೂರು: ಕಪ್ಪು ಹಿತ್ತಲಿಗೆ ಹೋಗಿ
ಮುಂಬಾಗಿಲಿಂದ ಹೊಸ ನೆಂಟಳ ಹಾಗೆ ಬಂದೆ.
ಕರ್ನಲ್ಲಿನ ದಿನಚರಿ ಓದಿದೆ. ಅದರಲ್ಲಿತ್ತು,
ಸೆಕೆಂಡಿನ ಚೂರುಗಳ ಲೆಕ್ಕ ಸಮೇತ:
ಹೆಸರು ಕೇಳಿದೆ, ಉತ್ತರವಿಲ್ಲ.
ಹೆಸರು ಕೇಳಿದೆ, ಉತ್ತರವಿಲ್ಲ.
ಕೂಗುತ್ತಿರುವವರದಲ್ಲ ತಪ್ಪು ಎಂದು
ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.
ಪೆಟ್ಟಿಗೆಯನ್ನೇ ಇನ್ನೊಮ್ಮೆ ಬೈದು, ಆರಿಸಿ, ಹೊತ್ತಿಸಿದೆ.

ಟಪಟಪ ಕೀಲಿ ಕುಟ್ಟುತ್ತಿದ್ದೆ. ಮೇಲಿಂದಲೂ ಟಪಟಪ.
ಕೊಕ್ಕರೆಗೆ ಹಾಡುವ ಗಂಟಲಿಲ್ಲ, ಇದ್ದಬದ್ದದ್ದೆಲ್ಲ
ಕೊಕ್ಕಿಗೆ ಕೊಕ್ಕು ಬಡಿದೇ ಹೇಳಬೇಕು.
"ನಿನಗಿಂತ ಅವೇ ಜೋರು. ಏನೋ ಆಗ್ತಿದೆ ಅಲ್ಲಿ," ಅಂದ.
"ಆಗ್ತಿರೋದು ಇಲ್ಲಿ," ಸಿಡುಕಿದೆ.

ಅವನಿಗೆ ಸೆಕೆ. ಎದ್ದ.
ಕತ್ತು ಬಾಗಿದವರಿಗೆ ನೆಲದ ಹತ್ತಿರದ ಸಾಕೆಟ್ಟುಗಳೆಲ್ಲ ಪರಿಚಯ.
ಮಾನಿಟರಿನ ಪ್ಲಗ್ ಕಿತ್ತು ಫ್ಯಾನಿನದು ಹಾಕಿದ,
ಹೇಗೂ ಕೆಟ್ಟದ್ದಲ್ಲವೇ ಎಂದು.
ಹಳದಿ ದೀಪ ಒಂದು ನಿಟ್ಟುಸಿರಷ್ಟು ಹೊತ್ತು ತಡೆದು
ಆರಿತು.

ಕಾಲು ಗಂಟೆ ಕಳೆದು, ನಾನೂ ಕೈಚೆಲ್ಲಿ,
ಇದ್ದದ್ದು ಇದ್ದಲ್ಲಿರಲಿ ಎಂದು
ಪ್ಲಗ್ ವಾಪಸ್ ಹಾಕಿದೆ, ಅಷ್ಟೆ.
ಹೆಸರು, ಅಗಲ, ಎತ್ತರ, ಹುಟ್ಟಿದ ವರ್ಷ,
ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಿತು, ಮಗ್ಗಿ ಬಂದ ಮಗುವಿನ ಹಾಗೆ.
"ಅರೆನಿದ್ದೆಯಲ್ಲಿ ಇರೋರನ್ನ ಎಷ್ಟು ಕರೆದರೇನು,"
ಎಲ್ಯೂತೇರಿಯೊ ಹೇಳಿದ, "ಪೂರ್ತಿ ಮಲಗೋಕೆ ಬಿಡಬೇಕು."

ಗೂಡು ಬಂತು. ಕಡ್ಡಿ, ನೀಲಿ ಹಗ್ಗದ ತುಂಡು, ಬಿಳೀ ಹಿಕ್ಕೆ.
ಬೆರಳಿಟ್ಟು ಎಣಿಸಿದ. ಒಂದು. ಎರಡು.
ಬೆರಳು ಪರದೆಯ ಮೇಲೇ ನಿಂತಿತು.
ಅಭ್ಯಾಸಬಲ, ನಾನು ಟರ್ಮಿನಲ್ಲನ್ನೇ ಕೇಳಿದೆ.
ಎಲ್ಲ ಕನೆಕ್ಟೆಡ್, ಅಂದಿತು.

ಬಿಸಿಲಿಗೆ ಹೋದೆ. ಹಣೆಗೆ ಕೈ ಅಡ್ಡ ಇಟ್ಟು ಕತ್ತೆತ್ತಿದೆ.
ಕ್ಯಾಮೆರಾ ನೋಡದ ಕಡೆ, ಅಂಚೆಕಚೇರಿಯ ಮಾಡಿನ ಅಂಚಿಗೆ,
ಇನ್ನೂ ಕೆಂಪೇರದ ಕೊಕ್ಕು, ನಡುಗುವ ಕಾಲು,
ಬಂದದ್ದು ಹೇಗೆಂದು ತನಗೇ ತಿಳಿಯದೆ.

ಕಿಟಕಿಯೊಳಗಿಂದ ಕೇಳಿದ:
"ಇದೆಯಾ?"
"ಇದೆ."
"ಎಲ್ಲಿ?"
ಹೆಂಚು ಹೆಂಚು ಲೆಕ್ಕ ಹಾಕಿ ಹೇಳತೊಡಗಿದೆ.
ಅವನು ಹೂಂಗುಟ್ಟುತ್ತ, ನೆಲಕ್ಕೆ ಬಗ್ಗಿ,
ಫ್ಯಾನಿಗೆ ಇನ್ನೊಂದು ಸಾಕೆಟ್ ಹುಡುಕುತ್ತಿದ್ದ.