ಆರು ಮೀಟರ್

ಬುರುಜನಹಟ್ಟಿಯಲ್ಲಿ ನಮ್ಮ ಹಿತ್ತಲು
ಹನ್ನೆರಡಡಿ ಉದ್ದ, ಹತ್ತಡಿ ಅಗಲ.
ಅದರಲ್ಲೊಂದು ತಗಡಿನ ಶೆಡ್ಡು, ಅಷ್ಟೇ ಕೇಳಿದ್ದು,
ಮದುವೆಗೆ ಬಾಡಿಗೆ ಕೊಡುವ ಪಾತ್ರೆಗಳಿಗೆ:
ಮೂರು ಕೊಪ್ಪರಿಗೆ, ಒಂಬತ್ತು ಡಬರಿ,
ಎಣಿಸಿದಾಗಲೆಲ್ಲ ಒಂದು ಕಮ್ಮಿಯಾಗುವ ಸೌಟು.
ಎಲ್ಲದರ ಅಂಚಿಗೂ ಗಾ.ತಿ. ಅಂತ ಕೊರೆಸಿದೆ.
ಗಾದ್ರಿ ತಿಪ್ಪಕ್ಕ, ಅಂದರೆ ನಾನು.

ನಗರಸಭೆಯಲ್ಲಿ ಅಂದರು: ನಕ್ಷೆ ತನ್ನಿ, ಖಾತೆ ತನ್ನಿ,
ಮೂರು ಕಡೆ ಮೂರಡಿ ಬಿಡಿ.
ಸೀಮೆಸುಣ್ಣದಲ್ಲಿ ಬಿಟ್ಟು ನೋಡಿದೆ.
ಉಳಿದದ್ದರಲ್ಲಿ ಕೊಪ್ಪರಿಗೆ ಕೂರುತ್ತೆ,
ನಾನು ಬಗ್ಗಲಾರೆ.

ಆಮೇಲೆ ಅಂದರು: ಕೋಟೆ ಪಕ್ಕದಲ್ಲೇ ಇದೆಯಲ್ಲಮ್ಮ,
ಪುರಾತತ್ವದವರ ಕಾಗದವೂ ಬೇಕು.
ನೂರು ಮೀಟರ್ ಒಳಗೆ
ಇಟ್ಟಿಗೆ ಮೇಲೆ ಇಟ್ಟಿಗೆ ಇಡುವ ಹಾಗಿಲ್ಲ.

ಅಳೆಯಲು ಬಂದವನು ಪಾಲಯ್ಯ, ಮೊಳಕಾಲ್ಮೂರಿನ ಹುಡುಗ.
ಮೂವತ್ತು ಮೀಟರಿನ ಟೇಪನ್ನು ನಾಲ್ಕು ಸಲ ಹಾಸಿದ.
ಟೇಪು ಚರಂಡಿ ದಾಟಿತು,
ಜೈತುನ್‌ಬೀ ಒಣಹಾಕಿದ ಸಂಡಿಗೆ ದಾಟಿತು
(ಆಕೆ ಬೈದದ್ದು ಬೇರೆ ಲೆಕ್ಕ),
ನಮ್ಮ ಹಿತ್ತಲಲ್ಲಿ ನಿಂತಿತು. ತೊಂಬತ್ತನಾಲ್ಕು.
"ಆರು ಮೀಟರ್ ಆಚೆ ಕಟ್ಕೊಳ್ಳಿ ಅಕ್ಕಾ."

ಆರು ಮೀಟರ್ ಆಚೆ
ನಾನು ಮಲಗುತ್ತೇನೆ.

ಸಿಟ್ಟು ಬಂತು. ಯಾವ ಕಲ್ಲಿಂದ ಅಳೆದೆ ತಮ್ಮಾ ಅಂದೆ.
ಬಟ್ಟೆ ಒಗೆಯುವ ಕಲ್ಲು ತೋರಿಸಿದೆ,
ನಮ್ಮತ್ತೆ ಕಾಲದ್ದು, ನಮ್ಮತ್ತೆಯ ಅತ್ತೆ ಕಾಲದ್ದು.
ಕೂತು, ಸೋಪಿನ ನೊರೆ ಒರೆಸಿದ.
ಅಂಚಿನಲ್ಲಿ ಸಾಲಾಗಿ ಉಳಿ ಕಚ್ಚಿದ ಐದು ಗುಳಿ,
ಕೋಟೆ ಬಾಗಿಲ ಕಲ್ಲಿಗಿರುವಂಥವೇ.
ಒಂದೊಂದಕ್ಕೂ ಬೆರಳಿಟ್ಟ.
ಇಲ್ಲಿಂದ ಅಳೆದರೆ ನನ್ನ ಒಲೆಯೂ ಒಳಗೆ,
ತೊಟ್ಟಿಲು ಕಟ್ಟಿದ ತೊಲೆಯೂ ಒಳಗೆ,
ಬೀದಿ ಕೊನೆಯ ಚಹಾದಂಗಡಿಯೂ ಒಳಗೆ.

ಅವನು ಟೇಪು ಸುತ್ತಿಕೊಂಡ.
"ಈ ಕಲ್ಲು ನಾನು ನೋಡಿಲ್ಲ.
ಮೇಲೊಂದು ಬಟ್ಟೆ ಹಾಕಿಡಿ."

ಕಂಬ ನೆಡಬಾರದು, ಪಾಯ ತೋಡಬಾರದು. ಸರಿ.
ಸಂಜೆ ಸೌಟುಗಳನ್ನೆಲ್ಲ ಕೂಡಿಹಾಕಿ
ಅದರ ಮೇಲೊಂದು ಡಬರಿ ಬೋರಲು,
ಅದನ್ನು ಮುಚ್ಚಲು ಇನ್ನೂ ದೊಡ್ಡ ಡಬರಿ,
ಅದರ ಮೇಲೆ, ಅದರ ಮೇಲೆ,
ಕಡೆಗೆ ನಾನೂ ಮಗಳೂ ಉಸಿರು ಬಿಗಿಹಿಡಿದು
ಅಜ್ಜಂದಿರ ಕಾಲದ ಕೊಪ್ಪರಿಗೆ.
ಸುತ್ತು ಎಣಿಸಿದಳು ಮಗಳು. ಏಳು.

ಬೆಳಗ್ಗೆ ಎದ್ದು ನೋಡಿದರೆ
ಅದರ ನೆತ್ತಿ ಮೇಲೆ ಜೈತುನ್‌ಬೀಯ ಹುಂಜ,
ಯಾರ ಕಾಗದವೂ ಇಲ್ಲದೆ
ಕೋಟೆ ಕಡೆ ಮುಖ ಮಾಡಿ ಕೂಗುತ್ತಿದೆ.