ಇನ್ನೊಂದು ರೂಪಾಯಿ

ಸೊಲ್ಲಾಪುರದಾಗ, ಅಕ್ಕಲಕೋಟ ರೋಡಿನ ಮ್ಯಾಲೆ,
ಪಂಚರ್ ಅಂಗಡಿ ಗ್ವಾಡಿಗೆ ಹತ್ತಿ
ನಮ್ಮಪ್ಪ ಮಲ್ಲಿನಾಥನ ಪಾರ್ಲರು.
ಮರಾಠಿ ಬೋರ್ಡು, ತೆಲುಗು ಗಿರಾಕಿ, ಕನ್ನಡ ಬೈಗುಳ.
ಮುಂಬಯಿಯಿಂದ ಲಾರಿದಾಗ ಬಂದ
ಸೆಕೆಂಡ್‌ಹ್ಯಾಂಡ್ ಮಷೀನು ನಾಕು:
ಎರಡು ವಿಮಾನದ್ದು, ಒಂದು ಕುಸ್ತೀದು,
ನಾಕನೇದು ಯಾವಾಗ್ಲೂ ರಿಪೇರಿ.

ಒಂದು ರೂಪಾಯಿಗೆ ಮೂರು ಜೀವ.

ಅಮೋಗಿ ಅಂತ ಒಬ್ಬ ಹುಡುಗ, ಟಾವೆಲ್ ಮಗ್ಗದಾಗ
ರಾತ್ರಿಪಾಳಿ ಮುಗಿಸಿ ಸೀದಾ ಇಲ್ಲಿಗೇ ಬರಾವ,
ಹುಬ್ಬಿಗೆ ಹತ್ತಿದ ನೂಲಿನ ಪುಡಿ ಸುದ್ದಾ ಒರಸ್ತಿದ್ದಿಲ್ಲ.
ನಾಣ್ಯಕ್ಕ ತೂತು ಕೊರದು, ಮಗ್ಗದ್ದೇ ದಾರ ಕಟ್ಟಿ
ಒಳಗ ಬಿಡಾವ; ಟಣ್ ಅಂದ ಕೂಡ್ಲೆ ಜಗ್ಗಿ ತಗಿಯಾವ.
ಅಪ್ಪಗ ಗೊತ್ತಿತ್ತು.
ಶನಿವಾರ ಅವರ ಪಗಾರ.
ಶುಕ್ರವಾರದ ತನಕ ಅಪ್ಪನ ಕಣ್ಣು ಮಂದ.

ಮಷೀನಿನ ಬೆನ್ನಿಗೊಂದು ಬಾಗಲಾ,
ಅದರೊಳಗ ಅಕ್ಕಿಕಾಳಿನಷ್ಟು ಎಂಟು ಸ್ವಿಚ್ಚು.
ಮೂರನೇದು ಮ್ಯಾಲೆ ಮಾಡಿದ್ರ ವೈರಿ ಚುರುಕು,
ಕೆಳಗ ಮಾಡಿದ್ರ ಹಗುರ.
ನನ್ನ ಬೆರಳು ಸಣ್ಣವು ಅಂತ ನನ್ನ ಕೈಲೇ ಒತ್ತಸ್ತಿದ್ದ.
‘ಮಾನಂದಾ, ಸಾಲಿ ಫೀಸಿನ ತಿಂಗಳಾ ಇದು, ಕೆಳಗ ಮಾಡು.’
‘ದೀಪಾವಳಿ ಬೋನಸ್ ಬಂದದ, ಮ್ಯಾಲೆ ಮಾಡು.’
ಮತ್ತ ಬೀಡಿ ಆರಿಸಿ ಒಂದು ಮಾತು:
‘ಹುಡುಗ ತನ್ನ ತಪ್ಪಿಲೆ ಸತ್ತರ
ಇನ್ನೊಂದು ರೂಪಾಯಿ ಹಾಕ್ತಾನ.
ನಮ್ಮ ಮೋಸಲೆ ಸತ್ತರ
ಮಷೀನಿಗೆ ಒದ್ದು ಹೋಗ್ತಾನ.’

ಎಂ.ಬಿ.ಎ.ದಾಗ ಎರಡು ವರ್ಷ
ಇದೇ ಮಾತಿಗೆ ನಾಕು ಗ್ರಾಫ್ ತಗಿಸಿದರು.

ಅಷ್ಟರಾಗ ಪಾರ್ಲರು ಝೆರಾಕ್ಸ್ ಅಂಗಡಿ ಆಗಿತ್ತು,
ಮಷೀನು ಭಂಗಾರಿನವನ ತಕ್ಕಡಿ ಏರಿದ್ವು.
ಕ್ಯಾಂಪಸ್ಸಿಗೆ ಬ್ಯಾಂಕು ಬಂತು, ಸಾಲ ವಸೂಲಿ ಕೆಲಸ,
ಪೆಟ್ರೋಲ್ ಬ್ಯಾರೆ ಕೊಡ್ತಾರಂತ. ರೋಹಿಣಿ ಜಂಗಮಶೆಟ್ಟಿ ಹೋದಳು.
ನಾ ಪುಣೆಯ ಗೇಮ್ ಕಂಪನಿಗಳಿಗೆ ಬರಕೋತ ಕುಂತೆ.
ನಲವತ್ತೊಂದು ಅರ್ಜಿ.
ಕೋಡಿಂಗ್ ಬರ್ತದೇನು? ಇಲ್ಲ.
ಚಿತ್ರ ತಗೀತೀರೇನು? ರಂಗೋಲಿ.
ಯಾವ ಗೇಮಿನಾಗರೆ ನಿಮ್ಮ ಹೆಸರು ಬಂದದೇನು?
ಬಂದಿತ್ತರೀ, ವಿಮಾನದ ಮಷೀನಿನಾಗ, ಮೂರಕ್ಷರ,
ಎಲ್ಲಾರಕಿಂತ ಮ್ಯಾಲೆ,
ಕರೆಂಟ್ ಹೋಗೂ ತನಕ.

ಒಂದು ಸಣ್ಣ ಕಂಪನಿಗೆ ಆರು ತಿಂಗಳು
ಪುಕ್ಕಟ ತಪ್ಪು ಹುಡುಕಿ ಕೊಟ್ಟೆ.
ಒಂದೇ ಗ್ವಾಡಿಗೆ ಮುನ್ನೂರು ಸಲ ಡಿಕ್ಕಿ ಹೊಡದು
ಎಲ್ಲಿ ಮೈ ತೂರ್ತದ ಅಂತ ಪಟ್ಟಿ ಮಾಡೂದು.
ಅವ್ವ ಬಾಗಲದಾಗ ನಿಂತು ನೋಡಿ
ಏನೂ ಅನ್ನದನ ಚಾ ಇಟ್ಟು ಹೋಗ್ತಿದ್ದಳು.

ನಲವತ್ತೆರಡನೇದವರು ಲೆಕ್ಕದ ಹಾಳಿ ಕಳಿಸಿದರು:
ಹದಿನೇಳನೇ ಲೆವೆಲ್‌ನಾಗ ಮಂದಿ ಬಿಟ್ಟು ಹೋಗಾಕತ್ತಾರ,
ಅಲ್ಲಿ ಏನು ಮಾರಬೇಕು, ಎಷ್ಟಕ್ಕ?
ಬೆಳಕು ಹರಿಯೂ ತನಕ ಆಡಿದೆ. ಬರದೆ:
ಏನೂ ಮಾರಬ್ಯಾಡ್ರಿ.
ಗುಂಡು ಕಾಣದ ಕಡಿಂದ ಬರ್ತದ, ಅದು ಅವರ ತಪ್ಪಲ್ಲ.
ಮೊದಲು ಮೂರನೇ ಸ್ವಿಚ್ಚು ಕೆಳಗ ಮಾಡ್ರಿ.

ಫೋನ್ ಬಂತು: ಮೂರನೇ ಸ್ವಿಚ್ಚು ಅಂದ್ರ?
ನಲವತ್ತು ಮಿನಿಟು ಹೇಳಿದೆ.
ಟ್ರೇನಿ ಅಂತ ತಗೊಂಡರು, ರೋಹಿಣಿಯ ಅರ್ಧ ಪಗಾರ.

ಅಪ್ಪ ಯಾರದೋ ರೇಷನ್ ಕಾರ್ಡಿನ ಝೆರಾಕ್ಸ್ ತಗಿಯಾಕತ್ತಿದ್ದ.
‘ಎಷ್ಟು ಮಷೀನು ಅವರದು?’
‘ಮೂವತ್ತು ಲಕ್ಷ ಅಪ್ಪಾ. ಮಂದಿ ಕಿಸೇದಾಗ.’
ಹಸರು ಬೆಳಕು ಅವನ ಗದ್ದದ ಕೆಳಗ ಹಾದು ಹೋತು.
‘ಎಲ್ಲಾಕ್ಕೂ ಬೆನ್ನಿನ ಬಾಗಲಾ ಅದನೇನು?’
‘ಇಲ್ಲ. ಎಲ್ಲಾ ಕೂಡಿ ಒಂದೇ ಬಾಗಲಾ. ಪುಣೆದಾಗ.’
‘ಕೀಲಿ ಯಾರ ಕಡೆ?’

ನಾ ಸುಮ್ಮನಾದೆ.
ಗಲ್ಲಾದ ತಳಾ ಕೆದರಿ ಕೆದರಿ
ಅಪ್ಪ ಒಂದು ರೂಪಾಯಿ ತಗದು ಕೊಟ್ಟ,
ನಡುವ ತೂತು, ತೂತಿನಾಗ ಹರದ ದಾರ:
‘ಇದು ಅಲ್ಲಿ ನಡೀತದೇನು, ನೋಡು.’