ಮೂರು ಸಲ ಕೆಮ್ಮ್ರಿ

ನನ್ನ ಕೆಲಸ ಕೆಮ್ಮು ಕೂಡಿಸೋದು.
ನಗಬ್ಯಾಡ್ರಿ, ತಿಂಗಳಾ ಪಗಾರ ಬರತೈತಿ.
ಬೆಳಗಾವಿಯ ಡಾಕ್ಟರು ಒಂದು ಫೋನು,
ಬದನೀಕಾಯಿಯಷ್ಟು ಮೈಕು,
ಒಂದು ಕಟ್ಟು ಒಪ್ಪಿಗೆಪತ್ರ ಕೊಟ್ಟು
ಬನಹಟ್ಟಿಯ ಓಣಿಗೆ ಬಿಟ್ಟಾರ.
ದನಿ ಕೇಳೇ ಕ್ಷಯ ಹಿಡಿಯೋ ಯಂತ್ರವಂತ,
ಇನ್ನೂ ಅದಕ್ಕ ಅಕ್ಷರ ತಿದ್ದೋ ವಯಸ್ಸು.
ಒಣಾ ಕೆಮ್ಮು, ಹಸೀ ಕೆಮ್ಮು, ಬೀಡಿ ಕೆಮ್ಮು,
ಎಲ್ಲಾ ಕೇಳಿಸಿ ಕಲಿಸಬೇಕು.

ಕಟ್ಟಿ ಮ್ಯಾಲ ಕುಂತು ಅಂತೀನಿ: ಮೂರು ಸಲ ಕೆಮ್ಮ್ರಿ.
ಬಾ ಅಂದ್ರ ಬರತೈತೇನು ಕೆಮ್ಮು?
ರಾತ್ರಿಯಿಡೀ ಓಣಿ ಎಬ್ಬಸೋ ಗುರುಪಾದಪ್ಪ
(ತನ್ನ ಹೆಸರು ಹಾಕಂತ ಅವನ ಹೇಳ್ಯಾನ)
ಮೈಕಿನ ಮುಂದ ನಿಂತ,
ಒಡಪು ಹಚ್ಚಿ ಹೇಂತಿ ಹೆಸರು ಹೇಳಂದಾಗಿನ ಮದುಮಗನಂಗ.
ಸಾಲಿ ತಪ್ಪಸಾಕ ಕಲಿತ ಕೆಮ್ಮು
ಒಂದು ಹುಡುಗಿ ಮೂರಲ್ಲ, ಆರು ಸಲ ಕೊಟ್ಲು.
ಎಲಿ ಹಾಕ್ಕೋತ ಕುಂತ ಮುದುಕಿ ಕೇಳಿದ್ಲು:
"ಬೆಳಗಾವಿಗೆ ಒಯ್ತಿಯೇನ ಕೆಮ್ಮು? ಒಯ್ಯವ್ವ,
ತಿರುಗಿ ಮಾತ್ರ ತರಬ್ಯಾಡ."

ಹದಿನೈದು ದಿನಕ್ಕ ಮೆಸೇಜು ಬಂತು:
ಹಿಂದಿನ ಸದ್ದು ಭಾಳ ಐತಿ,
ಶಾಂತ ಜಾಗಾದಾಗ ರೆಕಾರ್ಡ್ ಮಾಡ್ರಿ.
ಮಗ್ಗದ ಖಟಪಟ ಕೇಳಿ ಕೇಳಿ ಯಂತ್ರ
ಮಗ್ಗ ಇದ್ದಲ್ಲೆಲ್ಲಾ ಕ್ಷಯ ಐತಿ ಅನ್ನಾಕತ್ತಿತ್ತಂತ.
ನಕ್ಕೆ. ಆಮ್ಯಾಲ ನಗಲಿಲ್ಲ.
ಪಾವರ್‌ಲೂಮು ಹಗಲೂ ರಾತ್ರಿ ಕುಟ್ಟೋ ಊರಾಗ
ಶಾಂತ ಜಾಗಾ ಎಲ್ಲೆಂತ ಹುಡುಕಲಿ?
ಗುಡಿಯೊಳಗ ಕೇಳಸ್ತೈತಿ, ಮಸೂತಿಯೊಳಗ ಕೇಳಸ್ತೈತಿ,
ಹುಟ್ಟಿದ ಕೂಸು ಆ ತಾಳಕ್ಕ ಮಲಗತೈತಿ.

ಕರೆಂಟು ಹೋಗೋದು ಕಾಯೋದ ಕಲಿತೆ.

ಮಂಗಳವಾರ, ಮಧ್ಯಾಹ್ನ ಎರಡು ದಾಟಿತ್ತು.
ಲಾಳಿ ಅರ್ಧ ಹಾದಿಗೆ ನಿಂತವು.
ಆ ಗಪ್ಪನ್ನೋದರೊಳಗ, ಸದ್ದಿನ ಅಡಿಯಾಗಿಂದ,
ಬ್ಯಾಸಗ್ಯಾಗ ಹೊಳಿ ಇಳದು ಬಂಡಿಗಲ್ಲು ಕಂಡಂಗ
ಕೆಮ್ಮು ಮ್ಯಾಲ ಬಂದವು.
ಈ ಮನಿ. ಆ ಮನಿ. ಮಾಳಗಿ ಮ್ಯಾಲ. ಕದದ ಹಿಂದ.
ಇಷ್ಟು ದಿನ ಮಗ್ಗ ನುಂಗಿತ್ತು.

ಕಂಡಿಕಿ ಸುತ್ತೋ ಒಬ್ಬಾಕಿ
(ಹೆಸರು ಹೇಳೋ ಹಂಗಿಲ್ಲ, ಫಾರ್ಮಿನಾಗ ನಾಕನೂರಾ ಹದಿನೇಳು)
"ನನಗ ಎಲ್ಲೀ ಕೆಮ್ಮು" ಅಂತ ಮೂರು ಸಲ ತಿರುಗಿಸಿ ಕಳಿಸಿದಾಕಿ,
ಸೆರಗು ಬಾಯಾಗ ತುರುಕಿದ್ಲು.
ಮೋಟಾರು ಇಲ್ಲ, ಅಡಗಾಕ ಜಾಗಾ ಇಲ್ಲ.
ನಾನು ಮೈಕು ಚೀಲದಾಗ ಹಾಕಿದೆ.
ಬಾಜೂಕ ಕುಂತೆ.
ಮೂರು ತಿಂಗಳಾತಂತ. ಮಗಳನ್ನ ನೋಡಾಕ ಬರೋರಿದ್ದಾರಂತ.
ಎಷ್ಟು ದಿನದಿಂದ ಅಂತ ಫಾರ್ಮಿನಾಗ ಒಂದು ಖಾನೆ ಐತಿ,
ಯಾರಿಂದ ಮುಚ್ಚಿಟ್ಟಿ ಅಂತ ಇಲ್ಲ.

ಆಮ್ಯಾಲ ತಾನ "ಮೈಕು ತೆಗಿ" ಅಂದ್ಲು, ಕೆಮ್ಮಿದ್ಲು.
ಯಂತ್ರ ಹೇಳ್ತು: ಖಚಿತ ಇಲ್ಲ.
ನನ್ನ ಕಿವಿ ಬ್ಯಾರೆ ಹೇಳ್ತು.
ಮುಂಜಾನೆ ಡಬ್ಬಿಯಾಗ ಕಫ ಹಿಡಕೊಂಡು
ಇಬ್ಬರೂ ಸಂತಿಗೆ ಹೊಂಟೋರಂಗ ದವಾಖಾನಿಗೆ ನಡದ್ವಿ.
ಪರೀಕ್ಷಾದಾಗ ಬಂತು.

ಗುರುಪಾದಪ್ಪಗ ಬರಲಿಲ್ಲ.
"ಹಂಗಾರ ಇದೇನು?" ಅಂತ ಎದಿ ಮುಟ್ಟಿ ಕೇಳಿದ.
ನಲವತ್ತು ವರ್ಷದ ನೂಲಿನ ಧೂಳು, ಕಾಕಾ.
ಆ ಹೆಸರು ಯಂತ್ರಕ್ಕ ಇನ್ನೂ ಯಾರೂ ಕಲಿಸಿಲ್ಲ.

ಆರು ತಿಂಗಳು ಗುಳಿಗಿ.
ಉಚ್ಚಿ ಕೆಂಪಾತಂತ ಅಂಜಿದ್ಲು, ಎರಡು ಸಲ ಬಿಡ್ತೀನಂದ್ಲು,
ಮಗಳೇ ಎಣಿಸಿ ಎಣಿಸಿ ಕೊಟ್ಲು.
ಕಡೀಗೆ ಮತ್ತ ಹೋದೆ: ಮೂರು ಸಲ ಕೆಮ್ಮಬೇಕ್ರಿ, ನಿಯಮ.
ಪ್ರಯತ್ನ ಮಾಡಿದ್ಲು. ಬರಲಿಲ್ಲ.
ಮತ್ತ ಮಾಡಿದ್ಲು, ನಗಿ ಬಂತು,
ಕಂಡಿಕಿ ಬುಟ್ಟಿ ಉರುಳಿ ಬಿದ್ದ ಸದ್ದೂ ಸೇರಿತು.
ಹಂಗ ಕಳಿಸಿದೆ.

ಬೆಳಗಾವಿಯಿಂದ ಬರದಾರ:
ಈ ಫೈಲಿನಾಗ ಕೆಮ್ಮು ಇಲ್ಲ, ಅಳಸ್ರಿ.
ನೋಡೂಣು.
ಕರೆಂಟು ಬಂದೈತಿ ಈಗ, ಏನೂ ಕೇಳಸವಲ್ದು.